ಒಂದೂವರೆಯ ಭೋಂಗಾ

ಹೊಸ ಮುಗಳಬಾವಿ, ತಾ. ಚಿಂಚೋಳಿ
12 ಜೂನ್ 2024

ಅಣ್ಣಾ, ಜೈಭೀಮ್.

ಕೊಡುತ್ತೇವೆ ಅಂದದ್ದು: ಮನೆಗೊಂದು ನೌಕರಿ. ಕೊಟ್ಟದ್ದು: ನೂರಾ ಹನ್ನೆರಡು ಮನೆಗಳ ನಡುವೆ ಒಂಬತ್ತು, ಅವೂ ಗುತ್ತೇದಾರನ ಕೈಕೆಳಗೆ.
ಕೊಡುತ್ತೇವೆ ಅಂದದ್ದು: ಕುಡಿಯುವ ನೀರಿನ ನಳ. ಕೊಟ್ಟದ್ದು: ನಳ.
ಕೊಡುತ್ತೇವೆ ಅಂದದ್ದು: ಸ್ಮಶಾನಕ್ಕೆ ಜಾಗ. ಕೊಟ್ಟದ್ದು: ನಕ್ಷೆಯ ಮೇಲೆ ಹಸಿರು ಬಣ್ಣದ ಒಂದು ಚೌಕ.
ಕೊಡುತ್ತೇವೆ ಅಂದದ್ದು: ಊರು ಕಳಕೊಂಡವರ ಮನಸ್ಸು ಕೆಟ್ಟರೆ ನೋಡಲು ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಡಾಕ್ಟರು, ಕೂತು ಮಾತಾಡಲು ಒಂದು ಕೋಣೆ, ಔಷಧ. ಕೊಟ್ಟದ್ದು: ಕೋಣೆ. ಮೇಲೆ 'ಆಪ್ತಸಮಾಲೋಚನಾ ಕೇಂದ್ರ' ಎಂಬ ಬೋರ್ಡು. ಒಳಗೆ ಈ ಊರಿನ ಪಂಚಾಯಿತಿ ಮೆಂಬರ್ ಗುರುಲಿಂಗಪ್ಪನ ಗೊಬ್ಬರದ ಚೀಲಗಳು. ಕೀಲಿ ಅವನ ಉಡದಾರದಲ್ಲಿ.

ಅಪ್ಪ ಹೀಗೆ ಬರೆಯಲು ಕಲಿಸಿದ್ದ. ಚಳವಳಿಯಲ್ಲಿ ಸವೆದ ಮನುಷ್ಯ. ನಾನು ಅಳುತ್ತ ಅರ್ಜಿ ಬರೆಯಲು ಕೂತರೆ, "ಮೊದಲ ಅವರು ಏನ್ ಕೊಡ್ತೀವಂದ್ರು ಅದನ್ನ ಬರಿ, ಆಮ್ಯಾಲ ಅಳು" ಅನ್ನುತ್ತಿದ್ದ. ಬರೆದಾಯಿತು. ಈಗ ಅವ್ವನ ವಿಷಯ.

ಅವ್ವ ಇನ್ನೂ ಭಾಂಡೆ ಇಳಿಸುತ್ತಾಳೆ. ಎರಡು ವರ್ಷ ಮೂರು ತಿಂಗಳಾಯಿತು ಸಿಮೆಂಟ್ ಕಂಪನಿಯ ಕಲ್ಲಿನ ಖಣಿಗೆಂದು ನಮ್ಮನ್ನು ವಾಡಿ ಕಡೆಯಿಂದ ಕಿತ್ತು ಇಲ್ಲಿ ಒಗೆದು, ಒಂದು ದಿನವೂ ತಪ್ಪಿಲ್ಲ. ಇಲ್ಲಿನವರು ಕೇಳಿದಾಗಲೆಲ್ಲ ವಿವರಿಸಿ ನನಗೆ ಬಾಯಿಪಾಠವಾಗಿದೆ. ನಮ್ಮೂರ ಬದಿಯ ಖಣಿಯಲ್ಲಿ ದಿನಾ ಮಧ್ಯಾಹ್ನ ಒಂದೂವರೆಗೆ ಬ್ಲಾಸ್ಟಿಂಗ್. ಅದಕ್ಕೆ ಮೊದಲು ಸೈರನ್. ನಾವು ಅದಕ್ಕೆ ಭೋಂಗಾ ಅಂತೇವೆ. ಮೊದಲ ಗಿಡ್ಡ ಭೋಂಗಾಕ್ಕೆ ಹಲಗೆಯ ಮೇಲಿನ ಕೊಡ, ತಪೇಲಿ, ಗಂಗಾಳ ಎಲ್ಲ ನೆಲಕ್ಕಿಳಿಸುವುದು. ಎರಡನೆಯದಕ್ಕೆ ಮುದುಕರು ಮಕ್ಕಳನ್ನು ಕರಕೊಂಡು ಹೊರಗೆ ಬಂದು ಬೇವಿನ ಮರದ ಬುಡಕ್ಕೆ ಕೂರುವುದು, ಏಕೆಂದರೆ ಮನೆ ಅದುರಿ ಮಾಳಿಗೆಯ ಪರಸಿ ಕಲ್ಲು ತಲೆಯ ಮೇಲೆ ಬೀಳಬಹುದು. ಸಿಡಿದದ್ದಾದ ಮೇಲೆ ಉದ್ದನೆಯ ಭೋಂಗಾ. ಅದು ಕೇಳಿದ ಮೇಲೇ ಏಳುವುದು. ಮೂವತ್ತು ವರ್ಷ ಹೀಗೆ ಬಾಳಿದವಳು ಅವ್ವ. ನಮ್ಮ ತೊಟ್ಟಿಲನ್ನೂ ಅದೇ ಮರದ ಬುಡಕ್ಕೆ ಎಳೆದವಳು.

ಮೊದಮೊದಲು ನಾವೂ ನಕ್ಕೆವು. ಆದರೆ ನೀನು ಬುದ್ಧಪೂರ್ಣಿಮೆಗೆ ಬಂದು ಹೋದ ಮೇಲೆ ಹೊಸದೊಂದು ಹತ್ತಿಕೊಂಡಿದೆ. ಒಂದೂವರೆಯಾಯಿತೆಂದರೆ ಕಿವಿ ನಿಮಿರಿಸಿ, "ಸುರೇಶ ಕರಿಯಾಕತ್ತಾನ" ಅನ್ನುತ್ತಾಳೆ. ನಮ್ಮ ಮನೆಯದಾದ ಮೇಲೆ ಮಂದಿಯ ಮನೆಗೂ ಹೋಗಿ ಭಾಂಡೆ ಇಳಿಸುತ್ತಾಳೆ. ಹೋದ ವಾರ ಎಲ್ಲೋ ಬಿದ್ದು ಹಣೆ ಒಡಕೊಂಡು ಬಂದಳು. ಗಾಬರಿಯಾಗಬೇಡ, ಒಣಗಿದೆ.

ಬೇವಿನ ಮರ ಇದೆಯೋ ಇಲ್ಲವೋ ಕೇಳಿ ಬರಿ ಅಂದಿದ್ದಾಳೆ. ಇಲ್ಲಿ ಫೋನ್ ಹತ್ತಬೇಕಾದರೆ ಗುಡ್ಡ ಏರಬೇಕು. ಏರಿದರೆ ನಿನ್ನದು ಬಂದ್. ಅದಕ್ಕೇ ಕಾಗದ.

ನಿನ್ನ ತಂಗಿ
ಸಂಘಮಿತ್ರಾ


ವಾಡಿ
29 ಜೂನ್ 2024

ಸಂಘಮಿತ್ರಾ,

ನಿನ್ನ ಕಾಗದ ಓದಿದರೆ ತಂಗಿ ಬರೆದದ್ದೋ ಸಂಘಟನೆಯ ಕರಪತ್ರವೋ ತಿಳಿಯುವುದಿಲ್ಲ. ಅಪ್ಪ ಹೋದ, ಅವನ ಚಾಳಿ ನಿನಗೆ ಬಿಟ್ಟು ಹೋದ.

ನಾನು ಚೆನ್ನಾಗಿದ್ದೇನೆ. ಪ್ಯಾಕಿಂಗ್ ವಿಭಾಗದಲ್ಲೇ ಇದ್ದೇನೆ. ಚೀಲ ತುಂಬುವುದು, ಎಣಿಸುವುದು, ಲಾರಿಗೆ ಕಳಿಸುವುದು. ಉಣ್ಣುವ ಅನ್ನದಲ್ಲಿ ಸಿಮೆಂಟು, ಕುಡಿಯುವ ಚಹಾದಲ್ಲಿ ಸಿಮೆಂಟು. ಸತ್ತರೆ ಗೋರಿ ಕಟ್ಟುವ ಖರ್ಚಿಲ್ಲ, ಒಳಗೇ ಗಟ್ಟಿಯಾಗಿರುತ್ತದೆ. ಕೆಲಸಕ್ಕೆ ಹೋಗುವಾಗ ಫೋನನ್ನು ಗೇಟಿನಲ್ಲಿ ಡಬ್ಬಿಗೆ ಹಾಕಿ ಕೀಲಿ ಹಾಕುತ್ತಾರೆ, ಐದಕ್ಕೆ ಕೊಡುತ್ತಾರೆ.

ಅವ್ವ ಭಾಂಡೆ ಇಳಿಸಿದರೆ ಇಳಿಸಲಿ. ಬೆಳಗಿ ತೊಳೆದಂತಾಗುತ್ತದೆ. ವಯಸ್ಸಾದವರು ಏನೋ ಒಂದು ಹಿಡಕೊಂಡಿರುತ್ತಾರೆ. ನನ್ನ ಹೆಸರು ಹೇಳುತ್ತಾಳೆ ಅಂದರೆ ಮಗನ ನೆನಪು, ಅಷ್ಟೇ. ನೀನು ಅದನ್ನು ದೊಡ್ಡದು ಮಾಡಬೇಡ.

ಬೇವಿನ ಮರ ಇದೆ ಎಂದು ಹೇಳು.

ಇನ್ನೊಂದು ಮಾತು, ಇದನ್ನು ಎರಡು ಸಲ ಓದು. ಯಾವ ಮನೆಯಿಂದ ತಕರಾರು ಅರ್ಜಿ ಹೋಗುತ್ತದೋ ಆ ಮನೆಯವನ ಗುತ್ತಿಗೆ ಮುಂದಿನ ಸಲ ನವೀಕರಣ ಆಗುವುದಿಲ್ಲ. ಬರೆದಿಟ್ಟಿಲ್ಲ, ಆದರೆ ಹಾಗೇ ನಡೆಯುತ್ತದೆ. ಒಂಬತ್ತು ಮಂದಿಯಲ್ಲಿ ಇಬ್ಬರು ಹಾಗೆ ಹೋದರು. ನೀನು ಬರೆದು ಬರೆದು ಈ ಮನೆಯ ಒಲೆ ಆರಿಸಬೇಡ.

ಸುರೇಶಕುಮಾರ


ಹೊಸ ಮುಗಳಬಾವಿ
17 ಜುಲೈ 2024

ಅಣ್ಣಾ,

ಹೋದ ವಾರ ಮಂಗಳವಾರ ಡಾಕ್ಟರು ಬಂದರು. ಎರಡು ವರ್ಷದಲ್ಲಿ ಮೊದಲ ಸಲ. ಗುರುಲಿಂಗಪ್ಪ ಕೋಣೆಯ ಕೀಲಿ ಕೊಡಲಿಲ್ಲ, ಊರಲ್ಲಿಲ್ಲ ಎಂದು ಮನೆಯೊಳಗಿಂದಲೇ ಹೇಳಿಸಿದ. ಡಾಕ್ಟರು ಜೀಪಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಲವತ್ತು ನಿಮಿಷ, ಅರವತ್ಮೂರು ಮಂದಿ. ಪ್ರತಿಯೊಬ್ಬರಿಗೂ ಅವೇ ಒಂಬತ್ತು ಪ್ರಶ್ನೆ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಾಯಬೇಕೆನಿಸುತ್ತದೆಯೇ. ಜಟ್ಟೆಪ್ಪ ಕಾಕಾ ಎಂಟು ತಿಂಗಳಿಂದ ಬಾಯಿ ಬಿಟ್ಟಿಲ್ಲ. ಅವನಿಗೂ ಒಂಬತ್ತು ಕೇಳಿ, ಒಂಬತ್ತಕ್ಕೂ 'ಇಲ್ಲ' ಎಂದು ಗುರುತು ಹಾಕಿದರು.

ಅವ್ವನ ಸರದಿ ಬಂತು. ಒಗೆದ ಸೀರೆ ಉಟ್ಟು ಬಂದಿದ್ದಳು. ಬೇರೆಯವರಿಗೆ ಕೇಳದ ಸದ್ದು ನಿಮಗೆ ಕೇಳುತ್ತದೆಯೇ ಎಂದು ಡಾಕ್ಟರು ಕೇಳಿದರು.

"ಕೇಳ್ತದ್ರಿ ಸಾಹೇಬ್ರ. ದಿನಾ ಒಂದೂವರಿಗಿ. ನನ್ನ ಮಗ ಕರಿತಾನ."

ಮಗ ಎಲ್ಲಿದ್ದಾನೆ ಅಂದರು. ವಾಡಿಯಲ್ಲಿ ಅಂದಳು. ಅದು ಇಲ್ಲಿಗೆ ಎಷ್ಟು ದೂರ ಗೊತ್ತೇ ಅಂದರು.

"ದೂರ ತಂದು ಇಟ್ಟವರು ನೀವಾ ಅಲ್ರಿ? ನಿಮಗೇ ಗೊತ್ತಿರಬೇಕು."

ಡಾಕ್ಟರು ತಲೆ ಎತ್ತದೆ ಬರೆದುಕೊಂಡರು: ಇಲ್ಲದ ಸದ್ದು ಕೇಳುತ್ತದೆ. ನಾನು ಭೋಂಗಾದ ವಿಷಯ, ಭಾಂಡೆಯ ವಿಷಯ ಹೇಳಹೋದೆ. ಅದಕ್ಕೆ ಫಾರ್ಮಿನಲ್ಲಿ ಜಾಗ ಇಲ್ಲ ಅಂದರು. ಗುಳಿಗೆ ಕೊಟ್ಟಿದ್ದಾರೆ. ನುಂಗಿದ ಮೇಲೆ ಅವ್ವನ ನಾಲಗೆ ದಪ್ಪಗಾಗಿ ಜೊಲ್ಲು ಸುರಿಯುತ್ತದೆ. ಕೈ ನಡುಗುತ್ತ ನಡುಗುತ್ತಲೇ ಒಂದೂವರೆಗೆ ಕೊಡ ಇಳಿಸುತ್ತಾಳೆ. ನಿನ್ನೆ ಒಂದು ಕೊಡ ಕೈಜಾರಿ ಬಿತ್ತು. ಮೂವತ್ತು ವರ್ಷ ಬ್ಲಾಸ್ಟಿಂಗ್‌ಗೆ ಬೀಳದ ಕೊಡ ಗುಳಿಗೆಗೆ ಬಿತ್ತು.

ಈಗ ಮುಖ್ಯವಾದದ್ದು. ಜೀಪಿನಲ್ಲಿ ಬಂದಿದ್ದ ನರ್ಸ್ ಮಹೆಕ್ ಚಿಂಚೋಳಿಯ ಹುಡುಗಿ, ಒಳ್ಳೆಯವಳು. ಹೋಗುವಾಗ ನನ್ನನ್ನು ಬದಿಗೆ ಕರೆದು ಫಾರ್ಮಿನ ಒಂದು ಸಾಲು ತೋರಿಸಿದಳು. 'ತೊಂದರೆ ಶುರುವಾದದ್ದು: ಸ್ಥಳಾಂತರಕ್ಕೆ ಮೊದಲು / ಸ್ಥಳಾಂತರದ ನಂತರ.'

"ಅಕ್ಕಾ, ಎಲ್ಲಾ ಈ ಸಾಲಿನ ಮ್ಯಾಲ ನಿಂತದ" ಅಂದಳು. ನಂತರ ಎಂದು ಬರೆದರೆ ಕಂಪನಿಯ ಪುನರ್ವಸತಿ ನಿಧಿಯಿಂದ ಡಾಕ್ಟರನ್ನು ಕಳಿಸಲೇಬೇಕಂತೆ, ಅವ್ವನಿಗಷ್ಟೇ ಅಲ್ಲ, ಇಡೀ ಕಾಲೊನಿಗೆ, ಹದಿನೈದು ದಿನಕ್ಕೊಮ್ಮೆ, ಕೀಲಿ ತೆಗೆದ ಕೋಣೆಯಲ್ಲಿ. ಮೊದಲು ಎಂದು ಬರೆದರೆ ಅದು ಆ ಮನೆಯವರ ಹಣೆಬರಹ. ಅವ್ವನದೇ ಮೊದಲ ಕೇಸು. ಅದರ ಹಿಂದೆ ಇಪ್ಪತ್ತೇಳು ಮಂದಿ ಕಾಯುತ್ತಿದ್ದಾರೆ. ಆ ಸಾಲಿಗೆ ಮನೆಯ ಹಿರಿಯ ಮಗನ ಸಹಿ ಬೇಕು, ಅದೂ ಕಂಪನಿಯ ಆಫೀಸಿನಲ್ಲಿ, ಅಧಿಕಾರಿಯ ಎದುರಿಗೆ. ಮಗಳ ಸಹಿ ನಡೆಯುವುದಿಲ್ಲ. ಹೆತ್ತವಳ ಗಂಟಲಿಗೆ ಗುಳಿಗೆ ತುರುಕುವ ಕೈ ನಡೆಯುತ್ತದೆ, ಸಹಿ ಮಾಡುವ ಕೈ ನಡೆಯುವುದಿಲ್ಲ.

'ನಂತರ' ಎಂದು ಬರೆ. ಇದು ತಕರಾರಲ್ಲ, ಇದು ನಿಜ. ಬೇರೇನೂ ಕೇಳುವುದಿಲ್ಲ.

ಮರ ಇದೆ ಅಂದದ್ದಕ್ಕೆ ಅವ್ವನಿಗೆ ಭಾಳ ಖುಷಿಯಾಗಿದೆ. ದಿನಾ ಕೇಳುತ್ತಾಳೆ, ಇನ್ನೊಮ್ಮೆ ಓದು ಅಂತ.

ಸಂಘಮಿತ್ರಾ


ವಾಡಿ
5 ಸೆಪ್ಟೆಂಬರ್ 2024

ಸಂಘಮಿತ್ರಾ,

ಕರೆಸಿದ್ದರು, ಹೋಗಿದ್ದೆ. ಸಹಿ ಮಾಡಿದ್ದೇನೆ. ಕಾಗದ ಮೇಲೆ ಹೋಗಿದೆ. ಇನ್ನು ಈ ವಿಷಯ ಬರೆಯಬೇಡ.

ನನ್ನ ಗುತ್ತಿಗೆ ಇನ್ನೊಂದು ವರ್ಷಕ್ಕೆ ಆಗಿದೆ. ಅವ್ವನಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡು. ಒಂದು ಸೀರೆ ಕಳಿಸಿದ್ದೇನೆ, ಸೇಡಂ ಬಸ್ಸಿನ ಕಂಡಕ್ಟರ್ ಹತ್ತಿರ.

ಸುರೇಶ


ಹೊಸ ಮುಗಳಬಾವಿ
19 ಸೆಪ್ಟೆಂಬರ್ 2024

ಅಣ್ಣಾ, ಜೈಭೀಮ್, ಜೈಭೀಮ್, ನೂರಾ ಹನ್ನೆರಡು ಮನೆಗಳ ಜೈಭೀಮ್.

ನಿನ್ನ ಮೇಲೆ ಸಿಟ್ಟಾಗಿದ್ದೆ. ಎರಡು ತಿಂಗಳು ಉತ್ತರವಿಲ್ಲ, ಹೆದರಿದ್ದಾನೆ ಅಂದುಕೊಂಡಿದ್ದೆ. ತಪ್ಪಾಯಿತು. ನಾಲ್ಕೇ ಸಾಲು ಬರೆದಿದ್ದೀ; ದೊಡ್ಡ ಕೆಲಸ ಮಾಡಿದ ಗಂಡಸರು ಹೀಗೇ ಬರೆಯುವುದು. ಅಪ್ಪನೂ ಜೈಲಿನಿಂದ 'ಚೆನ್ನಾಗಿದ್ದೇನೆ, ಜೋಳ ಬೀಸಿಡು' ಎಂದು ಬರೆದಿದ್ದನಂತೆ.

ಕಾಲೊನಿಯನ್ನೆಲ್ಲ ಸೇರಿಸಿ ನಿನ್ನ ಕಾಗದ ಓದಿದೆ. ಸುರೇಶ 'ನಂತರ' ಎಂದು ಸಹಿ ಮಾಡಿದ್ದಾನೆ, ಇನ್ನು ಡಾಕ್ಟರು ಬರುತ್ತಾರೆ ಎಂದೆ. ಒಬ್ಬ ಮುದುಕಿ, "ಗುತ್ತಿಗಿ ಆಳಿಗೆ ಇಷ್ಟ ಧೈರ್ಯ ಎಲ್ಲಿಂದ ಬಂತವ್ವ" ಅಂದಳು. ಅವ್ವ ಬಿಡಲಿಲ್ಲ. "ನನ್ನ ಹಾಲು ಕುಡದದ್ದು ಅದು, ಕಂಪನಿ ಚಹಾ ಅಲ್ಲ" ಅಂದಳು. ಗುಳಿಗೆಯ ನಾಲಗೆಯಲ್ಲೂ ಅಷ್ಟು ಸ್ಪಷ್ಟವಾಗಿ ಅಂದಳು. ಎಲ್ಲರೂ ನಕ್ಕರು. ಜಟ್ಟೆಪ್ಪ ಕಾಕಾನ ತುಟಿ ಕೂಡ ಅಲುಗಿತು, ನಾನು ನೋಡಿದೆ.

ಮೊನ್ನೆ ಮಂಗಳವಾರ ಅವ್ವ ನೀನು ಕಳಿಸಿದ ಸೀರೆ ಉಟ್ಟು ಆ ಕೋಣೆಯ ಬಾಗಿಲಿಗೆ ಹೋಗಿ ಕೂತಳು. ಹಿಂದೆ ಇಪ್ಪತ್ತೇಳು ಮಂದಿ. ಸಂಜೆಯವರೆಗೆ ಕೂತರು. ಡಾಕ್ಟರು ಬರಲಿಲ್ಲ. ಕಾಗದ ಕೆಳಗಿಳಿಯಲು ಹೊತ್ತು ಬೇಕಲ್ಲ, ಮುಂದಿನ ಸಲ ಬರುತ್ತಾರೆ.

ಸಂಘಮಿತ್ರಾ


ಹೊಸ ಮುಗಳಬಾವಿ
9 ಅಕ್ಟೋಬರ್ 2024

ಸುರೇಶಕುಮಾರ,

ಮಹೆಕ್ ಫೈಲಿನ ಫೋಟೊ ತೋರಿಸಿದಳು. ತೋರಿಸುವ ಮೊದಲು, "ಅಕ್ಕಾ, ಕುಂದ್ರಿ" ಅಂದಳು.

ನಿನ್ನ ಅಕ್ಷರ ನನಗೆ ಗೊತ್ತು. 'ನನ್ನ ತಾಯಿ ಭೀಮಬಾಯಿ ಗಂಡ ದಿವಂಗತ ಭೀಮಶ್ಯಾ ಇವರಿಗೆ ಊರು ಬಿಡುವ ಹತ್ತು ವರ್ಷ ಮೊದಲಿನಿಂದಲೂ ತಲೆ ಸರಿ ಇರುವುದಿಲ್ಲ. ಇದಕ್ಕೂ ಸ್ಥಳಾಂತರಕ್ಕೂ ಸಂಬಂಧ ಇರುವುದಿಲ್ಲ.' ಕೆಳಗೆ ಸಹಿ. ಸಹಿಯ ಕೆಳಗೆ ಗೆರೆ ಬೇರೆ ಎಳೆದಿದ್ದೀ, ಶಾಲೆಯಲ್ಲಿ ಎಳೆಯುತ್ತಿದ್ದ ಹಾಗೆ.

ಹತ್ತು ವರ್ಷ ಮೊದಲು ಅವ್ವ ಏನು ಮಾಡುತ್ತಿದ್ದಳು? ಖಣಿಯ ಧೂಳಿಗೆ ಎದೆ ಕಟ್ಟಿದ ಹದಿನಾರು ಹೆಂಗಸರನ್ನು ಕರಕೊಂಡು ಚಿತ್ತಾಪುರದವರೆಗೆ ನಡೆದು ಹೋಗಿದ್ದಳು. ಆ ದಿನ ಅಧಿಕಾರಿಯ ಮೇಜಿನ ಮೇಲೆ ಬೋರಿನ ಕೆಸರು ನೀರು ಇಟ್ಟು, ಕುಡೀರಿ ಅಂದವಳು ಅವ್ವ. ನೀನು ಶಹಾಬಾದಿನ ಕಾಲೇಜಿಗೆ ಹೋಗುತ್ತಿದ್ದದ್ದು ಅವಳು ಪರಸಿ ಕಲ್ಲು ಹೊತ್ತು ತಂದ ಅನ್ನ ಉಂಡು. ಆಗ ಅವಳ ತಲೆ ಸರಿ ಇರಲಿಲ್ಲವೇ? ಅವಳು ಹೊತ್ತ ಕಲ್ಲಿನ ಭಾರಕ್ಕೆ ಅದು ಕೆಟ್ಟಿತ್ತೇ?

ನಾನು ಬರೆಯದೆ ಬಿಟ್ಟದ್ದು ಈಗ ಓದು. ಜೂನಿನಲ್ಲಿ ಅವ್ವ ಬಿದ್ದು ಹಣೆ ಒಡಕೊಂಡಿರಲಿಲ್ಲ. ಒಂದೂವರೆಗೆ ಗುರುಲಿಂಗಪ್ಪನ ಮನೆಗೆ ನುಗ್ಗಿ, ಅಡಿಗೆಮನೆಗೆ ಹೋಗಿ, ಅವರ ಕೊಡ, ತಪೇಲಿ ಎಲ್ಲ ಇಳಿಸಿ ನೆಲಕ್ಕಿಟ್ಟಿದ್ದಳು. "ಹೊರಗ ಬರ್ರಿ ಯವ್ವಾ, ಮಾಳಿಗಿ ಬೀಳ್ತದ" ಎಂದು ಅವನ ತಾಯಿಯ ಕೈ ಹಿಡಿದು ಎಳೆದಿದ್ದಳು. ಅವರ ಜೀವ ಉಳಿಸಲು ಹೋಗಿದ್ದಳು. ಹೊಲೆಯರ ಹೆಂಗಸು ಭಾಂಡೆ ಮುಟ್ಟಿದಳು ಎಂದು ಅದೇ ತಪೇಲಿಯಿಂದ ಹೊಡೆದರು. ಮುಟ್ಟಿದ ಭಾಂಡೆಯನ್ನೆಲ್ಲ ನಮ್ಮ ಓಣಿಯಲ್ಲಿ ತಂದು ಒಗೆದು ಹೋದರು. ಕಂಪ್ಲೇಂಟ್ ಕೊಡಲು ಹೊರಟೆ. ನಿನ್ನ ಗುತ್ತಿಗೆ ನೆನಪಾಗಿ ಅರ್ಧ ದಾರಿಯಿಂದ ತಿರುಗಿ ಬಂದೆ. ನಿನ್ನ ನೌಕರಿಗೆ ನಾನೂ ಅಷ್ಟು ಕೊಟ್ಟಿದ್ದೇನೆ, ಲೆಕ್ಕ ಇರಲಿ.

ಇಪ್ಪತ್ತೇಳು ಮಂದಿಗೆ ನಾನು ಇನ್ನೂ ಹೇಳಿಲ್ಲ. ಅವ್ವನಿಗಂತೂ ಹೇಳುವುದೇ ಇಲ್ಲ. ಅವಳು ಪ್ರತಿ ಮಂಗಳವಾರ ಆ ಬಾಗಿಲಿಗೆ ಹೋಗಿ ಕೂರುತ್ತಾಳೆ. ಉಳಿದ ದಿನ ಮನೆಯಲ್ಲೇ ಇರುತ್ತಾಳೆ, ಒಂದೂವರೆಗೆ ಈಗ ಎಲ್ಲಿಯೂ ಹೋಗುವುದಿಲ್ಲ. ಹೇಗೆ ಎಂದು ಕೇಳಬೇಡ.

ಹೋಗಿ ಆ ಕಾಗದ ವಾಪಸು ತಗೋ. 'ತಪ್ಪಾಗಿ ಬರೆದಿದ್ದೆ' ಎಂದು ಒಂದು ಸಾಲು ಸಾಕು. ಅಲ್ಲಿಯವರೆಗೆ ನನ್ನನ್ನು ತಂಗಿ ಅನ್ನಬೇಡ.

ಸಂಘಮಿತ್ರಾ ಭೀಮಬಾಯಿ


ಹೊಸ ಮುಗಳಬಾವಿ
18 ನವೆಂಬರ್ 2024, ಸೋಮವಾರ, ಬೆಳಿಗ್ಗೆ ಒಂಬತ್ತು

ಅಣ್ಣಾ,

ಅವ್ವ ಮನೆಯಲ್ಲಿಲ್ಲ. ಆರು ಗಂಟೆಯ ಸೇಡಂ ಬಸ್ಸಿಗೆ ಹತ್ತಿದಳಂತೆ. ಕಂಡಕ್ಟರನಿಗೆ ಆಧಾರ್ ತೋರಿಸಿ ಹೆಂಗಸರ ಪುಕ್ಕಟೆ ಟಿಕೆಟ್ ತಗೊಂಡಿದ್ದಾಳೆ. ಕೈಯಲ್ಲಿ ಅವಳ ಮದುವೆಯ ಹಿತ್ತಾಳೆ ಚರಿಗೆ. ಎಲ್ಲಿಗೆ ಎಂದು ಕೇಳಿದವರಿಗೆ, ಮಗ ಕರೆಯುತ್ತಿದ್ದಾನೆ, ಎಷ್ಟು ದಿನ ಅಂತ ಕಾಯಿಸಲಿ ಅಂದಳಂತೆ.

ಗುಡ್ಡ ಹತ್ತಿ ಹನ್ನೊಂದು ಸಲ ಫೋನ್ ಮಾಡಿದೆ. ನಿನ್ನದು ಡಬ್ಬಿಯಲ್ಲಿದೆ. ಈ ಚೀಟಿಯನ್ನು ಹತ್ತರ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಸಿಕ್ಕ ತಕ್ಷಣ ಪ್ಯಾಕಿಂಗ್‌ನಿಂದ ರಜೆ ಹಾಕಿ ಸ್ಟ್ಯಾಂಡಿಗೆ ಹೋಗು. ಹಳೆಯ ಜಗಳ ಆಮೇಲೆ.

ಸಂಘಮಿತ್ರಾ


ವಾಡಿ
25 ನವೆಂಬರ್ 2024

ಸಂಘಮಿತ್ರಾ,

ಅವ್ವನಿಗೆ ಮಣ್ಣು ಕೊಡುವಾಗ ನೀನು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಹೇಳುತ್ತಿದ್ದೆನೋ ಏನೋ. ಈಗ ಬರೆಯುತ್ತೇನೆ. ನಿನ್ನ ಚೀಟಿ ನನ್ನ ಕೈಗೆ ಬಂದದ್ದು ಆ ಸಂಜೆ ಐದೂ ಕಾಲಿಗೆ, ಫೋನಿನ ಜೊತೆ.

ನಾನು ಪ್ಯಾಕಿಂಗ್‌ನಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ನನ್ನ ಕೆಲಸ ಭೋಂಗಾ ಊದುವುದು. ನಮ್ಮ ಊರಿದ್ದ ಜಾಗದಲ್ಲಿ, ದಿನಾ ಒಂದೂವರೆಗೆ. ಆ ಖಣಿ ಬೆಳೆದು ಈಗ ಊರನ್ನೆಲ್ಲ ನುಂಗಿದೆ. ಮುಗಳಬಾವಿಯ ಹುಡುಗನಿಗೆ ಭೋಂಗಾದ ಹೊತ್ತು ಕಲಿಸಬೇಕಾಗಿಲ್ಲ ಎಂದು ಗುತ್ತೇದಾರ ನಗುತ್ತಲೇ ಕೊಟ್ಟ ಕೆಲಸ. ಸಿಡಿಮದ್ದಿನ ಹತ್ತಿರ ಫೋನ್ ಇಡಕೂಡದು, ಅದಕ್ಕೇ ಡಬ್ಬಿ.

ಅವ್ವನಿಗೆ ಹುಚ್ಚು ಹಿಡಿದಿರಲಿಲ್ಲ. ಬುದ್ಧಪೂರ್ಣಿಮೆಗೆ ಬಂದಾಗ ನಾನೇ ಅವಳಿಗೊಬ್ಬಳಿಗೆ ಹೇಳಿದ್ದೆ. ತಂಗಿಗೆ ಹೇಳಬೇಡ, ಅವಳು ಸಭೆಯಲ್ಲಿ ಹೇಳಿಬಿಡುತ್ತಾಳೆ ಎಂದೆ. ಅವ್ವ ನಕ್ಕಳು. "ಹಂಗಾದ್ರ ದಿನಾ ಒಂದೂವರಿಗಿ ನೀ ನನ್ನ ಕರೀತಿ ಅನ್ನು" ಅಂದಳು. ಡಾಕ್ಟರಿಗೆ ಹೇಳಿದ್ದು ಅದನ್ನೇ. ಎಲ್ಲರೂ ಅದನ್ನು ರೋಗ ಅಂದಿರಿ. ರೋಗ ಅಲ್ಲ ಎಂದು ಗೊತ್ತಿದ್ದವನು ನಾನೊಬ್ಬ. ನಾನು ಸಹಿ ಮಾಡಿದೆ.

ಸಹಿಯ ದಿನ ಗುತ್ತಿಗೆಯ ಕಾಗದ, ಫಾರ್ಮು ಎರಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದರು. ಯಾರೂ ಏನೂ ಹೇಳಲಿಲ್ಲ. ಚಹಾ ತರಿಸಿಕೊಟ್ಟರು.

ಹದಿನೆಂಟನೆಯ ತಾರೀಖಿನದು ಬರೆಯುತ್ತೇನೆ. ಬ್ಲಾಸ್ಟಿಂಗ್‌ಗೆ ಮೊದಲು ನಾಲ್ಕೂ ದಿಕ್ಕಿಗೆ ಒಬ್ಬೊಬ್ಬ ಕಾವಲಿರಬೇಕು. ಇದ್ದವರು ನಾನು ಮತ್ತು ಬಂದೇಅಲಿ, ಇಬ್ಬರೇ. ಅವನು ಮಣ್ಣಿನ ದಿಬ್ಬದ ಮೇಲೆ ಕೆಂಪು ಬಾವುಟ ಹಿಡಿದು ನಿಲ್ಲುವವನು. ಒಂದೂ ಇಪ್ಪತ್ತಕ್ಕೆ ಮೊದಲ ಗಿಡ್ಡ ಭೋಂಗಾ ಊದಿದೆ. ಬತ್ತಿಗೆ ಬೆಂಕಿ ಕೊಟ್ಟರು. ಎರಡನೆಯದು ಊದಿದೆ. ಬಂದೇಅಲಿ ದಿಬ್ಬದಿಂದ ಕೂಗಿದ, "ಸುರೇಶ್ ಭಾಯ್, ಬೇವಿನ ಬೊಡ್ಡಿ ಹತ್ರ ಯಾರೋ ಹೆಣ್ಮಗಳು ಕುಂತಾಳ."

ಮರ ಇಲ್ಲ, ಸಂಘಮಿತ್ರಾ. ಹೋದ ವರ್ಷವೇ ಕಡಿದರು, ಬೊಡ್ಡೆ ಉಳಿದಿದೆ. ಮರ ಇದೆ ಎಂದು ಹೇಳು ಅಂತ ನಿನಗೆ ಬರೆದವನು ನಾನು.

ತಿರುಗಿ ನೋಡಿದೆ. ಹಸಿರು ಸೀರೆ, ನಾನು ಕಳಿಸಿದ್ದು. ಭೋಂಗಾ ಕೇಳಿದರೆ ಜಗತ್ತಿನ ಯಾವ ಮನುಷ್ಯನಾದರೂ ಓಡುತ್ತಾನೆ. ಮುಗಳಬಾವಿಯವರು ಮಾತ್ರ ಕೂರುತ್ತಾರೆ. ಓಡಲಿ ಎಂದು ಮತ್ತೆ ಊದಿದೆ. ಅವಳು ಚರಿಗೆಯನ್ನು ಮುಂದೆ ಇಟ್ಟು, ಸೆರಗು ತಲೆಗೆಳೆದು, ಬೊಡ್ಡೆಗೆ ಬೆನ್ನು ಕೊಟ್ಟಳು. ಇನ್ನೂ ಊದಿದೆ. ಊದಿದಷ್ಟೂ ಗಟ್ಟಿಯಾಗಿ ಕೂತಳು. ನನ್ನ ಕಡೆ ಕೈ ಎತ್ತಿದಳು, ಕೇಳಿಸಿತು ಬಂದೀನಿ ಅನ್ನುವ ಹಾಗೆ.

ಇದರ ಮುಂದಿನದನ್ನು ನಾನು ಪೊಲೀಸರಿಗೆ ಹೇಳಿಲ್ಲ. ಆಗ ನನಗೆ ಹೊಳೆಯಿತು, ಉದ್ದನೆಯ ಭೋಂಗಾ ಊದಿದರೆ ಅವ್ವ ಏಳುತ್ತಾಳೆ. ಎದ್ದರೆ ಬಂದೇಅಲಿಯ ಬಾವುಟ ಕಾಣುತ್ತದೆ. ದಿಬ್ಬದ ಮರೆಗೆ ಬರಲು ಎರಡು ನಿಮಿಷ, ಬತ್ತಿಯ ಬೆಂಕಿ ಮದ್ದು ಮುಟ್ಟಲು ಇನ್ನೂ ಮೂರು ನಿಮಿಷ ಇತ್ತು. ಕೈ ಭೋಂಗಾದ ಗುಂಡಿಯ ಮೇಲೇ ಇತ್ತು. ಬ್ಲಾಸ್ಟ್ ಆಗುವ ಮೊದಲು ಉದ್ದ ಭೋಂಗಾ ಊದಿದವನನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಗೋಡೆಗೆ ಬರೆದು ಹಾಕಿದ್ದಾರೆ, ನಾನು ದಿನಾ ಓದುತ್ತೇನೆ. ಆವತ್ತೂ ಓದಿದೆ. ಓದುವಷ್ಟು ಹೊತ್ತು ತಡೆದೆ. ಆಮೇಲೆ ಗುಂಡಿ ಬಿಟ್ಟು ಅವಳ ಕಡೆ ಓಡಿದೆ. ಮುಟ್ಟುವ ಮೊದಲೇ ಸಿಡಿಯಿತು. ಓಡಿದ್ದು ಎಲ್ಲರಿಗೂ ಕಂಡಿದೆ. ತಡೆದದ್ದು ನನಗೊಬ್ಬನಿಗೆ ಗೊತ್ತು, ಈಗ ನಿನಗೆ.

ಚರಿಗೆ ನನ್ನ ಹತ್ತಿರ ಇದೆ. ನೆಗ್ಗಿಲ್ಲ.

ಸುರೇಶ


ಹೊಸ ಮುಗಳಬಾವಿ
1 ಡಿಸೆಂಬರ್ 2024

ಸುರೇಶಕುಮಾರ,

ನಿನ್ನದು ಓದಿದೆ. ಈಗ ನನ್ನದು ಓದು. ಅಕ್ಟೋಬರಿನಿಂದ ಅವ್ವ ಒಂದೂವರೆಗೆ ಎಲ್ಲಿಯೂ ಹೋಗದಿದ್ದದ್ದು ಹೇಗೆ ಎಂದು ಕೇಳಬೇಡ ಅಂದಿದ್ದೆ. ಎಮ್ಮೆಯ ಹಗ್ಗದಿಂದ ಕಾಲು ಕಟ್ಟುತ್ತಿದ್ದೆ, ಕಂಬಕ್ಕೆ, ಬರಬರುತ್ತ ರಾತ್ರಿಯೂ. ಗುರುಲಿಂಗಪ್ಪನ ಮನೆಯವರು ಮತ್ತೆ ಹೊಡೆದಾರೆಂದು ಕಟ್ಟಿದೆ, ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನೆಲದ ಮೇಲೆ ಕೂತೇ ಕೈಗೆ ಎಟುಕಿದ ಗಂಗಾಳ ಇಳಿಸುತ್ತಿದ್ದಳು. ಹದಿನೆಂಟರ ಬೆಳಿಗ್ಗೆ ಮೈ ತೊಳೆಯಲು ಬಿಚ್ಚಿ, ನೀರು ತರಲು ಹೋದೆ. ನಳದಲ್ಲಿ ನೀರಿದ್ದಿದ್ದರೆ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಆಸ್ಪತ್ರೆ ಕೊಡದ ಸರ್ಕಾರ, ಗುಳಿಗೆ ಕೊಟ್ಟ ಡಾಕ್ಟರು, ತಪೇಲಿ ಎತ್ತಿದ ಊರು, ಹಗ್ಗ ಕಟ್ಟಿದ ಮಗಳು, ಸಹಿ ಮಾಡಿದ ಮಗ. ಒಬ್ಬರೂ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಮಣ್ಣು ಕೊಡುವ ದಿನ ಗುರುಲಿಂಗಪ್ಪ ಬಂದದ್ದು ನೀನೂ ನೋಡಿದ್ದೀ. "ನಿಮ್ ಸತ್ತವರನ್ನ ನಿಮ್ಮೂರಾಗ ಹುಗಿರಿ" ಅಂದ. ವರ್ಷದ ಮೇಲೆ ಜಟ್ಟೆಪ್ಪ ಕಾಕಾ ಬಾಯಿ ಬಿಟ್ಟ. "ತೋರಸಪಾ, ಎಲ್ಲದ ನಮ್ಮೂರು?" ಅಂದ. ಆಮೇಲೆ ಮತ್ತೆ ಮುಚ್ಚಿದ. ನಕ್ಷೆಯ ಹಸಿರು ಚೌಕವನ್ನು ಹುಡುಕಿ ನಾವೇ ಅಗೆದೆವು. ಈಗ ಅದು ಸ್ಮಶಾನ, ಅವ್ವ ಮಾಡಿದ್ದು.

ಮೊನ್ನೆ ಕಂಪನಿಯ ಉತ್ತರ ಬಂತು. 'ಮೃತಳು ಸ್ಥಳಾಂತರಕ್ಕೆ ಮೊದಲಿನಿಂದಲೂ ಮಾನಸಿಕ ಅಸ್ವಸ್ಥೆ ಎಂದು ಆಕೆಯ ಮಗನೇ ಬರೆದುಕೊಟ್ಟಿರುವುದರಿಂದ, ನಿಷೇಧಿತ ಪ್ರದೇಶಕ್ಕೆ ತಾನಾಗಿ ಪ್ರವೇಶಿಸಿರುವುದರಿಂದ, ನಮ್ಮದೇನೂ ಹೊಣೆ ಇರುವುದಿಲ್ಲ.' ಇದರ ಕೆಳಗೆ ಇನ್ನೊಂದು ಸಾಲು: ಈ ಕಾಲೊನಿಯಲ್ಲಿ ಸ್ಥಳಾಂತರದಿಂದಾದ ಮಾನಸಿಕ ತೊಂದರೆ ಒಂದೂ ದಾಖಲಾಗಿಲ್ಲವಾದ್ದರಿಂದ ಡಾಕ್ಟರ ಭೇಟಿ ನಿಲ್ಲಿಸಲಾಗಿದೆ. ನಿನ್ನ ಒಂದು ಸಹಿ ಅವ್ವನನ್ನು ಎರಡು ಸಲ ಕೊಂದಿತು. ಈಗ ಇಪ್ಪತ್ತೇಳು ಮಂದಿಯ ಕಡೆ ತಿರುಗಿದೆ. ನಾನು ಅವರಿಗೆಲ್ಲ ಹೇಳಿದ್ದೇನೆ, ನಿನ್ನ ಅಕ್ಷರವನ್ನೂ ತೋರಿಸಿದ್ದೇನೆ. ಕೆಲವರು ನಿನ್ನ ಹೆಸರಿಗೆ ಉಗುಳಿದರು. ನಾನು ತಡೆಯಲಿಲ್ಲ.

ಕ್ಷಮಿಸು ಎಂದು ನೀನು ಬರೆದಿಲ್ಲ, ಒಳ್ಳೆಯದಾಯಿತು. ನನಗೆ ಅದು ಬೇಡ. ಆ ಸಾಲು ಬೇಕು. ಅಧಿಕಾರಿಯ ಎದುರು ನಿಂತು, 'ಮೊದಲು' ಎಂದು ಬರೆದದ್ದು ಸುಳ್ಳು, ಅವ್ವನ ತೊಂದರೆ ಊರು ಕಿತ್ತ ಮೇಲಿನದು, ಅದನ್ನು ಯಾವ ಮೇಜಿನ ಮೇಲೆ ಯಾವ ಕಾಗದದ ಪಕ್ಕ ಇಟ್ಟು ಬರೆಸಿದರು ಎಂದು ಬಾಯಿಬಿಟ್ಟು ಹೇಳಬೇಕು. ಗುಂಡಿಯ ಮೇಲೆ ಕೈ ತಡೆದದ್ದನ್ನೂ ಹೇಳುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ನಾನು ಹಗ್ಗದ್ದನ್ನು ಹೇಳುತ್ತೇನೆ. ಹೇಳಿದ ದಿನವೇ ನಿನ್ನ ನೌಕರಿ ಹೋಗುತ್ತದೆ. ಹೋಗಲಿ. ಕಾಲೊನಿಗೆ ಬಂದರೆ ಯಾರೂ ನಿನ್ನ ಮಾತಾಡಿಸುವುದಿಲ್ಲ, ಆದರೆ ರೊಟ್ಟಿ ಕೊಡುತ್ತೇವೆ.

ಪುನರ್ವಸತಿ ಅಧಿಕಾರಿ ವಿಚಾರಣೆಗೆ ದಿನ ಕೊಟ್ಟಿದ್ದಾರೆ. ಹೊತ್ತನ್ನೂ ಅವರೇ ಬರೆದಿದ್ದಾರೆ, ಅದು ಯಾವ ಹೊತ್ತು ಎಂದು ಗೊತ್ತಿಲ್ಲದೆ. ನೂರಾ ಹನ್ನೆರಡು ಮನೆಯವರು ಮನೆಯ ಭಾಂಡೆಯನ್ನೆಲ್ಲ ಹೊತ್ತು ಹೋಗುತ್ತಿದ್ದೇವೆ. ಮೆಂಬರನ ಮನೆಯವರು ನಮ್ಮ ಓಣಿಯಲ್ಲಿ ಒಗೆದು ಹೋದವನ್ನೂ ಸೇರಿಸಿ. ಕಚೇರಿಯ ಮುಂದೆ ನೆಲಕ್ಕಿಟ್ಟು, ಅವುಗಳ ನಡುವೆ ಕೂರುತ್ತೇವೆ. ಏಳುವುದಕ್ಕೆ ಉದ್ದನೆಯ ಭೋಂಗಾ ಬೇಕು. ಅದು ನಿನ್ನ ಬಾಯಿಂದ ಬರಬೇಕು. ಬರದಿದ್ದರೆ ಕೂತೇ ಇರುತ್ತೇವೆ. ಕೂರುವುದು ನಮಗೆ ರೂಢಿಯಿದೆ.

ಅವ್ವನ ಚರಿಗೆ ತಗೊಂಡು ಬಾ.

ಸೇಡಂ, ಪುನರ್ವಸತಿ ಕಚೇರಿಯ ಅಂಗಳ. ಡಿಸೆಂಬರ್ 9, ಸೋಮವಾರ, ಮಧ್ಯಾಹ್ನ ಒಂದೂವರೆ.